ಕಲ್ಲು ಎತ್ತುವ ಮುನ್ನ ಟಿಕೆಟ್ ತಗೊಳ್ಳಿ!

ಪಟ್ಟಂದೂರು ಅಗ್ರಹಾರ ಎಂದರೆ ಎಷ್ಟು ಜನಕ್ಕೆ ಗೊತ್ತಿತ್ತು ಸ್ವಾಮಿ? ಐಟಿಪಿಎಲ್ ಎಂದರೆ ಆಟೋದವನಿಂದ ಅಮೆರಿಕದವನವರೆಗೆ ಎಲ್ಲರಿಗೂ ಗೊತ್ತು. 1990ರ ದಶಕದಲ್ಲಿ ಸಿಂಗಪುರದವರ ಪಾಲುದಾರಿಕೆಯಲ್ಲಿ ಗಾಜಿನ ಕಟ್ಟಡಗಳು ಎದ್ದವು. ಕೆರೆ, ತೋಪು, ಗುಡಿ ಇದ್ದ ಊರೊಂದು ನಾಲ್ಕು ಇಂಗ್ಲಿಷ್ ಅಕ್ಷರಗಳ ಹಿಂದೆ ಮರೆಯಾಯಿತು. 2023ರ ಮಾರ್ಚ್ 25ರಂದು ನೇರಳೆ ಮಾರ್ಗದ ಮೆಟ್ರೊ ವೈಟ್‌ಫೀಲ್ಡ್ ಕಡೆಗೆ ಓಡಿತು. ನಿಲ್ದಾಣದ ಮೇಲೆ ಊರಿನ ನಿಜವಾದ ಹೆಸರು ಬಂತು. ಈಗ ಚೆನ್ನೈಯವರೂ ದೆಹಲಿಯವರೂ ಆ ಹೆಸರು ಕೇಳಿಕೊಂಡೇ ರೈಲಿನಿಂದ ಇಳಿಯಬೇಕು. ಒಂದು ಊರಿನ ಹೆಸರು ಉಳಿದದ್ದು ಚಿಕ್ಕ ಗೆಲುವಲ್ಲ.

ಆದರೆ ಇಂದಿನ ಮಾತು ಹೆಸರಿನದಲ್ಲ, ಸಿನಿಮಾದ್ದು.

2025ರ ಮೇ ತಿಂಗಳಲ್ಲಿ ನಮ್ಮ ನಾಲ್ಕು ಹುಡುಗರು ಕಚೇರಿಗೆ ನುಗ್ಗಿದರು. ಕಣ್ಣು ಕೆಂಡ. 'ಅಣ್ಣಾ, ಅಲ್ಲಿ ಮಾಲ್‌ನಲ್ಲಿ ತಮಿಳು ಪಿಚ್ಚರ್‌ಗೆ ಸಂಜೆ ಎರಡು ಆಟ, ರಾತ್ರಿ ಒಂದು ಆಟ. ಕನ್ನಡಕ್ಕೆ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಒಂದೇ ಒಂದು. ಹೂಂ ಅನ್ನಿ, ನಾಳೆ ಬೋರ್ಡ್ ಇಳಿಸ್ತೀವಿ' ಎಂದರು. ಕೆಲಸಕ್ಕೆ ಹೋಗುವ ಯಾವ ಕನ್ನಡಿಗ ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆ ಸಿನಿಮಾ ನೋಡುತ್ತಾನೆ? ಹುಡುಗರ ಸಿಟ್ಟು ನ್ಯಾಯವಾದದ್ದೇ. ನಾವು ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. 'ಇಳಿಸೋಕೆ ಮುಂಚೆ ಅದು ಏನು ಪಿಚ್ಚರ್ ಅಂತ ನೋಡೋಣ ನಡೀರಿ' ಎಂದು ಐದು ಟಿಕೆಟ್ ತಗೊಂಡು ಒಳಗೆ ಹೋದೆವು.

ಚಿತ್ರದ ಹೆಸರು 'ಟೂರಿಸ್ಟ್ ಫ್ಯಾಮಿಲಿ'. ಅದೇ ಮೇ 1ರಂದು ಬಿಡುಗಡೆಯಾದದ್ದು. ಮಾಡಿದವನು ಅಭಿಶನ್ ಜೀವಿಂತ್ ಎಂಬ, ಇನ್ನೂ ಮೂವತ್ತು ದಾಟದ ಹುಡುಗ. ಇದು ಅವನ ಮೊದಲ ಸಿನಿಮಾ. ಶಶಿಕುಮಾರ್, ಸಿಮ್ರಾನ್ ಗಂಡ ಹೆಂಡತಿ. ಹಾರಾಟವಿಲ್ಲ, ಮಚ್ಚು ಲಾಂಗಿಲ್ಲ, ನಾಯಕ ಬೆಂಕಿ ಹಚ್ಚಿಕೊಂಡು ನಿಧಾನವಾಗಿ ನಡೆದು ಬರುವುದಿಲ್ಲ. ಒಂದು ಮನೆ, ಒಂದು ಬೀದಿ, ಅಷ್ಟೆ.

ಕಥೆ ಕೇಳಿ. ಶ್ರೀಲಂಕಾದಲ್ಲಿ ದಿವಾಳಿ ಬಂದು ಅನ್ನಕ್ಕೆ ತತ್ವಾರವಾದಾಗ ಜಾಫ್ನಾ ಕಡೆಯ ಒಂದು ತಮಿಳು ಸಂಸಾರ ದೋಣಿ ಹತ್ತಿ ಕಳ್ಳದಾರಿಯಲ್ಲಿ ರಾಮೇಶ್ವರಕ್ಕೆ ಬರುತ್ತದೆ. ಅಪ್ಪ, ಅಮ್ಮ, ಇಬ್ಬರು ಗಂಡುಮಕ್ಕಳು. ಚೆನ್ನೈಯ ಒಂದು ಬಡಾವಣೆಯಲ್ಲಿ ಮನೆ ಹಿಡಿಯುತ್ತಾರೆ. ಅಮ್ಮನ ತಮ್ಮ ಹೇಳುವ ಮೊದಲ ಬುದ್ಧಿಮಾತು ಏನು ಗೊತ್ತೆ? ಬಾಯಿ ಬಿಡಬೇಡಿ! ನಿಮ್ಮ ತಮಿಳು ಇಲ್ಲಿಯ ತಮಿಳಲ್ಲ, ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತೀರಿ. ಆದರೆ ಆ ಅಪ್ಪನಿಗೆ ನೆರೆಯವರ ಜೊತೆ ಮಾತಾಡದೆ ಬದುಕಲು ಬರುವುದಿಲ್ಲ. ಒಬ್ಬರ ಮುಖ ಒಬ್ಬರು ನೋಡದಿದ್ದ ಬೀದಿ ಅವನ ದೆಸೆಯಿಂದ ನಿಧಾನಕ್ಕೆ ಬೀದಿಯಾಗುತ್ತದೆ. ಕಡೆಗೆ ಪೊಲೀಸರು ಹುಡುಕಿಕೊಂಡು ಬಂದಾಗ ಆ ಬೀದಿಯ ಜನ ಏನು ಮಾಡುತ್ತಾರೆ? ಎಲ್ಲರೂ ಆ ಸಂಸಾರದ ಹಾಗೆಯೇ ಮಾತಾಡಲು ತೊಡಗುತ್ತಾರೆ. ಯಾರು ಒಳಗಿನವರು, ಯಾರು ಹೊರಗಿನವರು ಎಂದು ಪೊಲೀಸರಿಗೆ ತಿಳಿಯದ ಹಾಗೆ!

ಬೋರ್ಡ್ ಇಳಿಸಲು ಬಂದಿದ್ದ ನಮ್ಮ ಹುಡುಗರಲ್ಲಿ ಒಬ್ಬ ಕನ್ನಡಕ ತೆಗೆದು ಒರೆಸಿಕೊಂಡ. ಎಸಿ ಜಾಸ್ತಿ ಅಂದ. ಇರಲಿ.

ಹೊರಗೆ ಬಂದು ಟೀ ಕುಡಿಯುವಾಗ ಅವನೇ ಬಾಯಿ ಬಿಟ್ಟ. ಅವನು ಕಲಬುರಗಿಯವನು. ಬೆಂಗಳೂರಿಗೆ ಬಂದ ಮೊದಲ ವರ್ಷ ಪಿಜಿಯಲ್ಲಿ, ಕಚೇರಿಯಲ್ಲಿ, ಅಂಗಡಿಯಲ್ಲಿ ಅವನು ಮಾತಾಡಿದಾಗೆಲ್ಲ ಈ ಕಡೆಯ ಕನ್ನಡಿಗರೇ ನಗುತ್ತಿದ್ದರಂತೆ. 'ಇನ್ನೊಂದ್ಸಲ ಹೇಳೋ, ಮಜಾ ಇದೆ' ಅಂತ. ಅವನು ತನ್ನ ಮಾತನ್ನು ಮಡಚಿ ಟ್ರಂಕಿನಲ್ಲಿಟ್ಟ. ಊರಿಗೆ ಫೋನ್ ಮಾಡುವಾಗ ಮಾತ್ರ ಹೊರಕ್ಕೆ ತೆಗೆಯುತ್ತಾನೆ, ಅದೂ ಮಹಡಿಯ ಮೇಲೆ ಹೋಗಿ. 'ಆ ಪಿಚ್ಚರ್‌ನಾಗ ಅವರು ಸಮುದ್ರ ದಾಟಿ ಬಂದೋರು. ನಾ ಬಂದಿದ್ದು ಬಸ್ಸಿನಾಗ' ಅಂದ.

ಕನ್ನಡದ ಹುಡುಗರೇ, ಈ ಮಾತಿಗೆ ನಮ್ಮಲ್ಲಿ ಉತ್ತರವಿದೆಯೆ? ತಮಿಳರಿಂದ, ಹಿಂದಿಯವರಿಂದ ಕನ್ನಡ ಕಾಪಾಡಲು ನಿಂತ ನಾವು ರಾಯಚೂರಿನ ಹುಡುಗಿಯ ಕನ್ನಡವನ್ನು ಯಾರಿಂದ ಕಾಪಾಡಬೇಕು? ನಮ್ಮಿಂದಲೇ ತಾನೆ! ನಮ್ಮ ಸಿನಿಮಾಗಳನ್ನು ನೆನಪಿಸಿಕೊಳ್ಳಿ. ಉತ್ತರ ಕರ್ನಾಟಕದ ಮಾತು ಬಂದರೆ ಅದು ಕಾಮಿಡಿ ಪಾತ್ರಕ್ಕೆ. ಮಂಗಳೂರು ಕನ್ನಡ ಬಂದರೆ ಭಟ್ಟರ ಹೋಟೆಲಿಗೆ. ಕೋಲಾರದ ತೆಲುಗು ಬೆರೆತ ಕನ್ನಡ ಬಂದರೆ ಜೀತದಾಳಿಗೆ. ನಾಯಕ ಮಾತ್ರ ಯಾವ ಊರಿನದೂ ಅಲ್ಲದ ಒಂದು ಡಬ್ಬಿಂಗ್ ಥಿಯೇಟರಿನ ಕನ್ನಡ ಮಾತಾಡುತ್ತಾನೆ. ಇದಕ್ಕೆ ಅಪವಾದಗಳಿವೆ, ಈಚೆಗೆ ಹೆಚ್ಚುತ್ತಲೂ ಇವೆ. ಆದರೆ ಪಟ್ಟಂದೂರು ಅಗ್ರಹಾರದ ಸುತ್ತಮುತ್ತ ಬಾಡಿಗೆಗೆ ಇರುವ ಕನ್ನಡ ಸಂಸಾರ ಯಾವುದು ಹೇಳಿ? ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದ ಗಂಡ ಹೆಂಡತಿ, ಹಾಸನದಿಂದ ಬಂದ ಸೆಕ್ಯೂರಿಟಿ ಗಾರ್ಡ್, ಪಿಜಿಯಲ್ಲಿ ಅಡುಗೆ ಮಾಡುವ ಮಂಡ್ಯದ ಅಕ್ಕ, ದಾವಣಗೆರೆಯಲ್ಲಿ ಓದಿ ಇಲ್ಲಿ ಟೆಸ್ಟಿಂಗ್ ಕೆಲಸದಲ್ಲಿರುವ ಹುಡುಗಿ. ಇವರನ್ನು ಒಂದೇ ಬೀದಿಯಲ್ಲಿ ಕೂಡಿಸಿ, ಅವರವರ ಮಾತಿನಲ್ಲೇ ಮಾತಾಡಿಸುವ ಒಂದು ಸಂಸಾರದ ಚಿತ್ರ ನಮ್ಮಲ್ಲಿ ಎಲ್ಲಿದೆ? ಇಲ್ಲದ ಚಿತ್ರಕ್ಕೆ ಸಂಜೆ ಏಳರ ಆಟ ಕೊಡಿ ಎಂದು ಯಾವ ಮ್ಯಾನೇಜರನ ಕೊರಳುಪಟ್ಟಿ ಹಿಡಿಯುತ್ತೀರಿ?

ಅಂಥದ್ದನ್ನು ಮಾಡುವ ತಾಕತ್ತು ಕನ್ನಡಕ್ಕೆ ಇಲ್ಲವೆಂದು ತಿಳಿಯಬೇಡಿ. ಕುಟುಂಬದ ಕಥೆಯನ್ನು ಮದರಾಸಿನವರಿಗೆ ಹೇಳಿಕೊಟ್ಟವರಲ್ಲಿ ನಮ್ಮವರೂ ಇದ್ದರು! ಬಿ.ಆರ್. ಪಂತುಲು ಅವರ ಹೆಸರು ಇವತ್ತಿನ ಹುಡುಗರಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಕೋಲಾರ ಸೀಮೆಯ ಗಡಿ ಕಡೆಯ ಮನುಷ್ಯ. ನಾಟಕ ಕಂಪನಿಯಿಂದ ಬಂದವರು. 1936ರಲ್ಲಿ ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕ'ದಲ್ಲಿ ಎಂ.ವಿ. ರಾಜಮ್ಮನವರ ಜೊತೆ ನಟಿಸಿದರು. ಕನ್ನಡದ ಮೊದಲ ಸಾಮಾಜಿಕ ಚಿತ್ರ ಅದು, ಹೆಸರಲ್ಲೇ ಸಂಸಾರ ಇದೆ ನೋಡಿ. ತಯಾರಾದದ್ದು ಮದರಾಸಿನಲ್ಲಿ. ಆಗ ನಮ್ಮಲ್ಲಿ ಸ್ಟುಡಿಯೋ ಎಲ್ಲಿತ್ತು?

ಮುಂದೆ ಇದೇ ಪಂತುಲು ಪದ್ಮಿನಿ ಪಿಕ್ಚರ್ಸ್ ಕಟ್ಟಿದರು. 1958ರಲ್ಲಿ 'ಸ್ಕೂಲ್ ಮಾಸ್ಟರ್' ಮಾಡಿದರು. ಅದೇ ಕಾಲಕ್ಕೆ ತಮಿಳಿನಲ್ಲಿ 'ಎಂಗಳ್ ಕುಡುಂಬಂ ಪೆರಿಸು', ಅಂದರೆ ನಮ್ಮ ಕುಟುಂಬ ದೊಡ್ಡದು. ಕಥೆ ಒಂದು, ಮಾಡಿದವರು ಒಬ್ಬರು, ನುಡಿ ಎರಡು. ಪ್ರಾಮಾಣಿಕ ಮೇಷ್ಟ್ರು, ಅವರ ಹೆಂಡತಿ, ಬೆಳೆದ ಮೇಲೆ ಬೇಡವೆಂದ ಮಕ್ಕಳು. ಮುಪ್ಪಿನಲ್ಲಿ ಗಂಡನನ್ನು ಒಬ್ಬ ಮಗನ ಮನೆಗೆ, ಹೆಂಡತಿಯನ್ನು ಇನ್ನೊಬ್ಬ ಮಗನ ಮನೆಗೆ ಹಂಚುತ್ತಾರೆ. ಕೊನೆಗೆ ಕೈ ಹಿಡಿಯುವವನು ಹೊಟ್ಟೆಯಲ್ಲಿ ಹುಟ್ಟಿದ ಮಗನಲ್ಲ, ಪಾಠ ಹೇಳಿಸಿಕೊಂಡ ಶಿಷ್ಯ. ಮೇಷ್ಟ್ರಾಗಿ ಪಂತುಲು ಅವರೇ, ಹೆಂಡತಿಯಾಗಿ 'ಸಂಸಾರ ನೌಕ'ದ ಅದೇ ರಾಜಮ್ಮ. ಆ ಶಿಷ್ಯನಾಗಿ, ಪೊಲೀಸ್ ಅಧಿಕಾರಿಯಾಗಿ, ಕನ್ನಡ ಚಿತ್ರದಲ್ಲಿ ಬಂದು ನಿಂತವರು ಶಿವಾಜಿ ಗಣೇಶನ್! ತೆಲುಗಿನಲ್ಲಿ ಪಂತುಲು ಎಂದರೆ ಮೇಷ್ಟ್ರು ಎಂದೇ ಅರ್ಥ. ಇದೇ ಕಥೆ 1972ರಲ್ಲಿ ಎನ್.ಟಿ. ರಾಮರಾವ್ ಅವರ 'ಬಡಿ ಪಂತುಲು' ಆಯಿತು. ಮಲಯಾಳಕ್ಕೆ 1964ರಲ್ಲಿ ಅದನ್ನು ಕೊಂಡೊಯ್ದವರು ಪಂತುಲು ಅವರ ಗರಡಿಯಲ್ಲಿ ಪಳಗಿದ ನಮ್ಮ ಪುಟ್ಟಣ್ಣ ಕಣಗಾಲ್. ಕನ್ನಡದ ಮೇಷ್ಟ್ರು ದಕ್ಷಿಣ ಭಾರತದ ಎಲ್ಲ ಶಾಲೆಗಳಲ್ಲೂ ಪಾಠ ಹೇಳಿದರು ಅನ್ನಿ.

ಪಂತುಲು ತಮಿಳಿಗೆ 'ವೀರಪಾಂಡ್ಯ ಕಟ್ಟಬೊಮ್ಮನ್' (1959) ಕೊಟ್ಟರು, ಕನ್ನಡಕ್ಕೆ 'ಕಿತ್ತೂರು ಚೆನ್ನಮ್ಮ' (1961) ಕೊಟ್ಟರು. ಒಂದು ಕೈಯಲ್ಲಿ ತಮಿಳರ ಅಭಿಮಾನ, ಇನ್ನೊಂದು ಕೈಯಲ್ಲಿ ಕನ್ನಡಿಗರ ಅಭಿಮಾನ. ಎರಡೂ ಕೈ ಒಂದೇ ಮೈಯದ್ದು. 1974ರಲ್ಲಿ ತೀರಿಕೊಂಡರು. 'ಸ್ಕೂಲ್ ಮಾಸ್ಟರ್'ನಲ್ಲಿದ್ದ ನಮ್ಮ ಬೆಂಗಳೂರಿನ ಹುಡುಗಿ ಬಿ. ಸರೋಜಾದೇವಿ ಮುಂದೆ ತಮಿಳರ ಕಣ್ಮಣಿಯಾದರು. ಅವರನ್ನು ತಮಿಳರು ಕರೆದದ್ದು ಹೇಗೆ? ಕನ್ನಡದ ಗಿಳಿ ಎಂದು. ತಮ್ಮ ಗಿಳಿ ಅನ್ನಲಿಲ್ಲ, ಕನ್ನಡದ್ದು ಎಂದು ಹೇಳಿಯೇ ಮೆಚ್ಚಿದರು. 2025ರ ಜುಲೈನಲ್ಲಿ ಆ ತಾಯಿ ತೀರಿಕೊಂಡಾಗ ಎರಡೂ ನಾಡು ಅತ್ತಿತು.

ಇನ್ನೊಂದು ಸಂಗತಿ. ಡಬ್ಬಿಂಗ್ ಎಂದರೆ ಮೈಮೇಲೆ ಬರುವವರು ಇದನ್ನು ಗೋಡೆಗೆ ಬರೆದುಕೊಳ್ಳಬೇಕು. ಈ ದೇಶದಲ್ಲಿ ಒಂದು ನುಡಿಯಿಂದ ಇನ್ನೊಂದು ನುಡಿಗೆ ಡಬ್ ಆದ ಮೊದಲ ಚಿತ್ರ ಎಂದು ಹೆಸರಾದದ್ದು ಯಾವುದು? 1943ರ ಕನ್ನಡ 'ಹರಿಶ್ಚಂದ್ರ'! ಎ.ವಿ. ಮೆಯ್ಯಪ್ಪನ್ ಅವರು ಆರ್. ಸುಬ್ಬಯ್ಯನಾಯ್ಡು, ಲಕ್ಷ್ಮೀಬಾಯಿಯವರ ಆ ಚಿತ್ರಕ್ಕೆ 1944ರಲ್ಲಿ ತಮಿಳು ಮಾತು ಕೂಡಿಸಿದರು. ತಮಿಳರು ಹರಿಶ್ಚಂದ್ರನನ್ನು ನೋಡಿದ್ದು ಕನ್ನಡದ ತುಟಿಗಳಲ್ಲಿ. ಆಮೇಲೆ 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿಯಂಥವರು ಡಬ್ಬಿಂಗ್ ಬೇಡವೆಂದು ಬೀದಿಗಿಳಿದರು. ಅದಕ್ಕೆ ಆಗ ಕಾರಣವಿತ್ತು. ಹಸುಗೂಸಾಗಿದ್ದ ಕನ್ನಡ ಚಿತ್ರರಂಗಕ್ಕೆ ಬೇಲಿ ಬೇಕಿತ್ತು. ಆ ಬೇಲಿಯೊಳಗೇ ರಾಜ್‌ಕುಮಾರ್ ಬೆಳೆದರು, ಪುಟ್ಟಣ್ಣ ಬೆಳೆದರು, ಗಾಂಧಿನಗರ ಬೆಳೆಯಿತು. ಅವರ ಹೋರಾಟವನ್ನು ಹಗುರ ಮಾಡುವವರು ಈ ಪತ್ರಿಕೆಯ ಮೆಟ್ಟಿಲು ಹತ್ತಬೇಕಾಗಿಲ್ಲ.

ಆದರೆ ಬೇಲಿಯೊಳಗೆ ನಾವು ಏನು ಬೆಳೆದೆವು? ಡಬ್ಬಿಂಗ್ ಬೇಡ ಎಂದವರು ರೀಮೇಕಿಗೆ ಹೆಬ್ಬಾಗಿಲು ತೆರೆದರು. ವಿಷ್ಣುವರ್ಧನ್ ಅವರ 'ಸೂರ್ಯವಂಶ' (1999) ನೋಡಿ ಕಣ್ಣೀರಿಟ್ಟ ಅಮ್ಮಂದಿರಿಗೆ ಗೊತ್ತಿತ್ತೆ ಅದು ತಮಿಳಿನ 'ಸೂರ್ಯವಂಶಂ' (1997) ಎಂದು? ಊರೂರಲ್ಲಿ ಹಬ್ಬವಾದ 'ಯಜಮಾನ' (2000) ಅದೇ ವರ್ಷದ ತಮಿಳು 'ವಾನತ್ತೈಪ್ಪೋಲ'. 'ಸಿಂಹಾದ್ರಿಯ ಸಿಂಹ' (2002) ಎಂದರೆ 'ನಾಟ್ಟಾಮೈ' (1994). ಕನ್ನಡ ಮನೆಯ ಅಣ್ಣತಮ್ಮಂದಿರು ಹೇಗೆ ಜಗಳವಾಡಬೇಕು, ಹೇಗೆ ಒಂದಾಗಬೇಕು ಎಂಬುದನ್ನೂ ಕೋಡಂಬಾಕ್ಕಂ ಬರೆದುಕೊಟ್ಟಿತು! ವಿಷ್ಣು ಅದಕ್ಕೆ ಜೀವ ಕೊಟ್ಟರು, ಆ ಮಾತು ಬೇರೆ. ಕೊಡುಕೊಳೆ ಒಂದೇ ಕಡೆಯದೇನೂ ಅಲ್ಲ ಬಿಡಿ. ರಾಜ್‌ಕುಮಾರ್ ಅವರ 'ಅನುರಾಗ ಅರಳಿತು' (1986) ತಮಿಳಿಗೆ ಹೋಗಿ ರಜನಿಯ 'ಮನ್ನನ್' (1992) ಆಯಿತು. ಕಾರ್ಖಾನೆಯ ಕೆಲಸಗಾರ, ಅವನ ತಾಯಿ, ಒಡತಿಯ ಸೊಕ್ಕು. ಪೀಣ್ಯದ ಹುಡುಗರು ಈಗಲೂ ನೋಡಬಹುದಾದ ಕಥೆ. ನಮ್ಮಲ್ಲಿ ಸರಕು ಇದ್ದಾಗ ಅವರೂ ಬಂದು ಕೊಂಡರು.

2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ನಮ್ಮ ಚಿತ್ರೋದ್ಯಮದ ಸಂಸ್ಥೆಗಳಿಗೆ ದಂಡ ಹಾಕಿತು. 2017ರಲ್ಲಿ ಅಜಿತ್ ಅವರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಎಂಬ ಹೆಸರಲ್ಲಿ ಕನ್ನಡದಲ್ಲಿ ಬಂದಾಗ ದೊಡ್ಡ ಗಲಾಟೆಯಾಯಿತು. 2019ರಲ್ಲಿ ಅದೇ ಅಜಿತ್ ಅವರ 'ವಿಶ್ವಾಸಂ' ಎಂಬ ಅಪ್ಪ ಮಗಳ ಕಥೆ 'ಜಗಮಲ್ಲ' ಆಗಿ ಬಂತು. ಆಕಾಶ ಬೀಳಲಿಲ್ಲ. ಈಗ ಮನೆಮನೆಯ ಟಿವಿಯಲ್ಲಿ, ಕೈಯೊಳಗಿನ ಫೋನಿನಲ್ಲಿ ಡಬ್ಬಿಂಗ್ ತುಂಬಿದೆ. ನಮ್ಮ 'ಕೆಜಿಎಫ್', 'ಕಾಂತಾರ'ಗಳು ಅದೇ ದಾರಿಯಲ್ಲಿ ಊರೂರು ಸುತ್ತಿದವು. ತಮಿಳು ಚಿತ್ರವನ್ನು ನಮ್ಮ ಕನ್ನಡದ ಅಜ್ಜಿ ಕನ್ನಡದಲ್ಲೇ ಕೇಳಿದರೆ ಕನ್ನಡಕ್ಕೆ ನಷ್ಟವೋ, ಅವಳು ತಮಿಳಲ್ಲೇ ಕೇಳಿ ಕಲಿತರೆ ನಷ್ಟವೋ? ಯೋಚಿಸಿ.

ಇಷ್ಟೆಲ್ಲ ಹೇಳಿದ ಮೇಲೆ 'ಸಂಪಾದಕರು ಮೆತ್ತಗಾದರು' ಎಂದು ಯಾರಾದರೂ ಗುನುಗುತ್ತಿದ್ದರೆ, ನಿಲ್ಲಿ. 2025ರ ಮೇ 24ರಂದು ಚೆನ್ನೈಯಲ್ಲಿ ಕಮಲ್ ಹಾಸನ್ ಅವರು ನಮ್ಮ ಶಿವರಾಜ್‌ಕುಮಾರ್ ಎದುರಿಗೇ ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂದರು. ಅದು ತಪ್ಪು. ಭಾಷಾಶಾಸ್ತ್ರ ಓದಿದ ಯಾರೂ ಒಪ್ಪುವ ಮಾತಲ್ಲ. ಎರಡೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಅಕ್ಕತಂಗಿಯರು. ಅಕ್ಕ ತಂಗಿಯನ್ನು ಹೆತ್ತಳು ಎಂದರೆ ಹೇಗೆ? ಕ್ಷಮೆ ಕೇಳಿ ಎಂದು ನಾಡು ಕೇಳಿತು, ಹೈಕೋರ್ಟೂ ಕೇಳಿತು. ಅವರು ಕೇಳಲಿಲ್ಲ. ಅವರ 'ಥಗ್ ಲೈಫ್' ಜೂನ್ 5ರಂದು ಬೇರೆಲ್ಲ ಕಡೆ ಬಿಡುಗಡೆಯಾಯಿತು, ಇಲ್ಲಿ ಆಗಲಿಲ್ಲ. ಬೆದರಿಕೆಗೆ ಹೆದರಿ ಸಿನಿಮಾ ನಿಲ್ಲಿಸುವುದು ಕಾನೂನಿನ ಆಳ್ವಿಕೆಯಲ್ಲ ಎಂದು ಸುಪ್ರೀಂ ಕೋರ್ಟ್ ಆಮೇಲೆ ಹೇಳಿತು. ಕಮಲ್ ಅವರ ಮಾತಿಗೆ ಮಾತಿನಲ್ಲಿ ಉತ್ತರ ಕೊಟ್ಟದ್ದು ಸರಿ, ಕೊಡಲೇಬೇಕಿತ್ತು. ಆದರೆ ಆ ಚಿತ್ರ ತಮಿಳುನಾಡಿನಲ್ಲೇ ಮಕಾಡೆ ಮಲಗಿತು, ಅದೂ ನಮ್ಮ ಸಹಾಯವಿಲ್ಲದೆ! ಅದಕ್ಕೆ ಒಂದೇ ತಿಂಗಳ ಹಿಂದೆ ಬಂದ 'ಟೂರಿಸ್ಟ್ ಫ್ಯಾಮಿಲಿ' ಇಲ್ಲಿಯೇ ಸದ್ದಿಲ್ಲದೆ ಓಡಿತು. ಯಾವ ಕನ್ನಡಿಗನೂ ಅದಕ್ಕೆ ಕಲ್ಲೆಸೆಯಲಿಲ್ಲ, ಯಾಕೆಂದರೆ ಅದು ಯಾರನ್ನೂ ಕೆಣಕಲಿಲ್ಲ.

ಕಲ್ಲಿನ ಮಾತು ಬಂತು, ಹೇಳಿಬಿಡುತ್ತೇವೆ. 1991ರ ಡಿಸೆಂಬರನ್ನು ಕಂಡವರು ನಮ್ಮಲ್ಲಿ ಇದ್ದಾರೆ. ಕಾವೇರಿ ಮಧ್ಯಂತರ ತೀರ್ಪಿನ ಸಿಟ್ಟಿನಲ್ಲಿ ಈ ಊರಿನಲ್ಲಿ ಸುಟ್ಟದ್ದು ಯಾರ ಮನೆ? ನೀರು ಬಿಡಿಸಿಕೊಂಡವರದೂ ಅಲ್ಲ, ತೀರ್ಪು ಕೊಟ್ಟವರದೂ ಅಲ್ಲ. ಗಾರೆ ಕೆಲಸದವರ, ಗಾಡಿ ಎಳೆಯುವವರ ಗುಡಿಸಲು. ಜೀವಗಳು ಹೋದವು. ಕನ್ನಂಬಾಡಿಯಲ್ಲಿ ಒಂದು ಚೊಂಬು ನೀರೂ ಹೆಚ್ಚಾಗಲಿಲ್ಲ. ಇಂದು ಹದಿನೆಂಟು ಇಪ್ಪತ್ತರ ಹುಡುಗರಿಗೆ ಅದು ಚರಿತ್ರೆ. ಆ ಚರಿತ್ರೆ ನಮ್ಮ ಚಳವಳಿಯ ಮೈಮೇಲೆ ಇನ್ನೂ ಕಲೆಯಾಗಿ ಉಳಿದಿದೆ. ಚೋಳರ ಕಾಲದಲ್ಲಿ, ಹನ್ನೊಂದನೇ ಶತಮಾನದಲ್ಲಿ, ಇದೇ ಪಟ್ಟಂದೂರಿನ ಕೆರೆ ಕಟ್ಟಿಸಿದ ವಿಚಾರವನ್ನು ಕೆತ್ತಿಸಿದ ಶಾಸನ ಪಕ್ಕದ ಕಾಡುಗೋಡಿಯಲ್ಲಿದೆ. ಯಾವ ನುಡಿಯಲ್ಲಿ? ತಮಿಳಿನಲ್ಲಿ. ಊರಿನ ಹೆಸರು ಕನ್ನಡದ ಬಾಯಲ್ಲಿ ಸಾವಿರ ವರ್ಷ ಉಳಿದು ಮೆಟ್ರೊ ಹತ್ತಿತು. ಶಾಸನ ಇದೆ ಎಂದು ಊರು ಅವರದಾಗಲಿಲ್ಲ, ಊರು ನಮ್ಮದು ಎಂದು ಶಾಸನವನ್ನು ಒಡೆಯಬೇಕಾಗಿಯೂ ಇಲ್ಲ.

ಹಾಗಾದರೆ ಜಗಳ ಯಾರ ಜೊತೆ? ಬೆಳಿಗ್ಗೆ ಒಂಬತ್ತೂಮುಕ್ಕಾಲರ ಜೊತೆ! ಆ ವೇಳಾಪಟ್ಟಿ ಬರೆಯುವವನು ತಮಿಳನೂ ಅಲ್ಲ, ತೆಲುಗನೂ ಅಲ್ಲ, ಮುಂಬಯಿಯಲ್ಲೋ ಗುರುಗ್ರಾಮದಲ್ಲೋ ಕಂಪ್ಯೂಟರ್ ಮುಂದೆ ಕೂತವನು. ಅವನ ಲೆಕ್ಕದಲ್ಲಿ ವೈಟ್‌ಫೀಲ್ಡ್ ಎಂದರೆ ಕನ್ನಡ ಬಾರದ ಊರು. ಬೆಳಿಗ್ಗೆಯ ಆಟ ಕೊಡುತ್ತಾನೆ, ಜನ ಬರುವುದಿಲ್ಲ, 'ನೋಡಿ, ಕನ್ನಡಕ್ಕೆ ಜನವಿಲ್ಲ' ಎಂದು ಸೋಮವಾರ ಎತ್ತಿಬಿಡುತ್ತಾನೆ. ಕೈಕಾಲು ಕಟ್ಟಿ ಕೆರೆಗೆ ಎಸೆದು ಈಜಲು ಬರುವುದಿಲ್ಲ ಅಂದ ಹಾಗೆ. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಮಲ್ಟಿಪ್ಲೆಕ್ಸುಗಳು ಪ್ರೈಮ್ ಟೈಮಿನಲ್ಲಿ ಮರಾಠಿ ಚಿತ್ರ ಹಾಕಬೇಕು ಎಂದು ಕಟ್ಟುನಿಟ್ಟು ಮಾಡಲು ಹೊರಟಿತು. ನಮ್ಮ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ದರದ ಮಾತು ಬೇಕಾದದ್ದೇ. ಆದರೆ ಹೊತ್ತಿನ ಮಾತು ಎತ್ತುವವರು ವಿಧಾನಸೌಧದಲ್ಲಿ ಎಷ್ಟು ಮಂದಿ?

ಕನ್ನಡಕ್ಕೆ ಜನವಿಲ್ಲ ಅನ್ನುವವರ ಬಾಯಿ ಮುಚ್ಚಿಸಿದ್ದು ಯಾರ ಲಾಠಿಯೂ ಅಲ್ಲ, 'ಸು ಫ್ರಂ ಸೋ'. 2025ರ ಜುಲೈ 25ರಂದು ಬಂದ ಚಿತ್ರ. ಗಡಿನಾಡಿನ ತುಮಿನಾಡನ್ನು ಹೆಸರಿಗೇ ಅಂಟಿಸಿಕೊಂಡ ಜೆ.ಪಿ. ತುಮಿನಾಡು ಅವರ ಮೊದಲ ನಿರ್ದೇಶನ, ರಾಜ್ ಬಿ. ಶೆಟ್ಟಿ ಬಳಗದ ಬಂಡವಾಳ. ಕರಾವಳಿಯ ಒಂದು ಊರು, ಊರವರದೇ ಮಾತು, ಊರವರದೇ ಸಣ್ಣತನ, ಊರವರದೇ ದೊಡ್ಡತನ. ಸ್ಟಾರ್ ಇಲ್ಲ. ಮೊದಲು ಸಿಕ್ಕಿದ್ದು ಕೆಲವೇ ಆಟಗಳು. ಬಾಯಿಂದ ಬಾಯಿಗೆ ಸುದ್ದಿ ಹರಡಿತು. ಮುಂಬಯಿಯ ಕಂಪ್ಯೂಟರ್ ತಾನಾಗಿ ಸಂಜೆಯ ಆಟ ಕೊಟ್ಟಿತು, ಮಧ್ಯರಾತ್ರಿಯ ಆಟವನ್ನೂ ಕೊಟ್ಟಿತು. ಕೇರಳಕ್ಕೆ ಮಲಯಾಳದಲ್ಲಿ ಡಬ್ ಆಗಿ ಹೋಯಿತು. ಮಂಗಳೂರು ಕನ್ನಡಕ್ಕೆ ಬೆಂಗಳೂರು ನಕ್ಕಿತು ನಿಜ, ಆದರೆ ಈ ಸಲ ಜೊತೆಯಲ್ಲಿ ನಕ್ಕಿತು.

ಕರಾವಳಿಯವರು ಮಾಡಿದ್ದನ್ನು ಕಲಬುರಗಿಯವರು ಮಾಡುವುದು ಯಾವಾಗ? ವೈಟ್‌ಫೀಲ್ಡಿನವರು ಮಾಡುವುದು ಯಾವಾಗ? ಅಭಿಶನ್ ಜೀವಿಂತ್ ವಯಸ್ಸಿನ ಹುಡುಗರು ನಮ್ಮ ಪಿಜಿಗಳಲ್ಲಿ ಕೋಣೆಗೆ ಮೂವರಂತೆ ತುಂಬಿದ್ದಾರೆ. ಫೋನಿನಲ್ಲಿ ಒಳ್ಳೆಯ ಕ್ಯಾಮೆರಾ ಇದೆ. ನಮ್ಮ ಬೀದಿಯ ಕಥೆಗೆ ಮದರಾಸಿನ ಸ್ಟುಡಿಯೋಗೆ ಹೋಗಬೇಕಾದ ಕಾಲ ಮುಗಿದು ಎಷ್ಟೋ ವರ್ಷವಾಯಿತು.

ಅಲ್ಲಿಯವರೆಗೆ ಈ ಕೆಲಸ ಮಾಡೋಣ. ಆ ನಾಲ್ಕು ಹುಡುಗರು ಬೋರ್ಡ್ ಇಳಿಸಲು ಹೋಗಲಿಲ್ಲ, ಒಂದು ಅರ್ಜಿ ಬರೆದರು. ಹೊಸ ಕನ್ನಡ ಚಿತ್ರಕ್ಕೆ ಮೊದಲ ವಾರ ಸಂಜೆ ಏಳರ ಆಟ ಕೊಡಿ, ತೆರೆಯ ಕೆಳಗೆ ಇಂಗ್ಲಿಷ್ ಸಾಲು ಇರಲಿ, ಕನ್ನಡ ಬಾರದ ನಮ್ಮ ಸಹೋದ್ಯೋಗಿಗಳನ್ನು ಕರೆತರುವ ಹೊಣೆ ನಮ್ಮದು ಎಂದು. ಕಲಬುರಗಿಯ ಹುಡುಗ ತನ್ನ ಕಚೇರಿಯಲ್ಲೇ ಅರವತ್ತು ಸಹಿ ಹಾಕಿಸಿದ. ಅದರಲ್ಲಿ ಹನ್ನೊಂದು ತಮಿಳಿನಲ್ಲಿವೆ. ಮ್ಯಾನೇಜರು ಅರ್ಜಿ ತೆಗೆದುಕೊಂಡು ಮೇಲಿನವರಿಗೆ ಕಳಿಸುತ್ತೇನೆ ಅಂದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಹೂಡಿ, ಕಾಡುಗೋಡಿ, ಮಹದೇವಪುರ, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಗೆಳೆಯರು ತಮ್ಮ ತಮ್ಮ ಥಿಯೇಟರುಗಳಿಗೆ ಇಂಥದೇ ಅರ್ಜಿ ಬರೆದು, ನಕಲನ್ನು ನಮ್ಮ ಕಚೇರಿಗೆ ತಂದುಕೊಡಿ. ಸಹಿ ಯಾವ ನುಡಿಯಲ್ಲಿದ್ದರೂ ನಡೆಯುತ್ತದೆ, ಅರ್ಜಿ ಮಾತ್ರ ಕನ್ನಡದಲ್ಲಿರಲಿ.